ಯಾರೂ ಒರಗದ ಗೋಡೆ

ಹೊಳೆಯ ದಂಡೆಯ ಮೇಲಿನ ಚಿತ್ರಶಾಲೆಗೆ ನಾಲ್ಕು ಗೋಡೆಗಳಿದ್ದವು. ಮೂರಕ್ಕೆ ಯಾರು ಬೇಕಾದರೂ ಬೆನ್ನು ಕೊಟ್ಟು ಕೂರಬಹುದಿತ್ತು. ನಾಲ್ಕನೆಯ ಗೋಡೆಗೆ ಮಾತ್ರ ಯಾರೂ ಒರಗುತ್ತಿರಲಿಲ್ಲ.

ಮಾಲತೇಶನಿಗೆ ಅದು ತಿಳಿದಿರಲಿಲ್ಲ. ಚಿತ್ರ ಕಲಿಯಬೇಕೆಂದು ಮೂರು ದಿನ ನಡೆದು ಬಂದವನು ಸುಸ್ತಾಗಿ, ಹೋಗಿ ಹೋಗಿ ಆ ಗೋಡೆಗೇ ಒರಗಿದ.

ಅಡುಗೆಯ ಈರವ್ವ ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದಳು.

“ಏಳು, ಏಳು! ಐದು ಜನರಿಗೆ ಬೆನ್ನು ಹಚ್ಚಿಕೊಂಡು ಕೂತಿದ್ದೀಯಲ್ಲ! ಒಂದು ಮಾತು ಕೇಳಿ ಕೂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?”

ಅವನು ಗಾಬರಿಯಿಂದ ಎದ್ದು ತಿರುಗಿ ನೋಡಿದ. ಗೋಡೆಯ ಮೇಲೆ ಒಬ್ಬಳೇ ಹುಡುಗಿ ಇದ್ದಳು.

ಹೊಳೆಯ ಮೆಟ್ಟಿಲಿನ ಮೇಲೆ ಒಂದು ಕಾಲು ಇಟ್ಟು, ಯಾರೋ ಕರೆದಂತೆ ಹಿಂದಕ್ಕೆ ತಿರುಗಿದ್ದಳು. ಒಂಬತ್ತು ಹತ್ತು ವರ್ಷ ಇರಬಹುದು. ಜಡೆಯ ತುದಿ ಒದ್ದೆಯಾಗಿತ್ತು. ಮಾಲತೇಶ ಅಂಥ ಮುಖವನ್ನು ಎಲ್ಲಿಯೂ ನೋಡಿರಲಿಲ್ಲ, ಚಿತ್ರದಲ್ಲಿಯೂ ಇಲ್ಲ, ಮನುಷ್ಯರಲ್ಲಿಯೂ ಇಲ್ಲ.

“ಐದು ಜನ ಎಲ್ಲಿದ್ದಾರೆ, ಅಮ್ಮಾ? ಇವಳೊಬ್ಬಳು ಇದ್ದಾಳೆ.”

“ಅದನ್ನು ಅಯ್ಯನವರನ್ನೇ ಕೇಳು. ನನಗೆ ಸಾರು ಉಕ್ಕುತ್ತಿದೆ.”

ಅಯ್ಯನವರೆಂದರೆ ಹಾಲಪ್ಪಯ್ಯ, ಆ ಚಿತ್ರಶಾಲೆಯ ಗುರು. ಅವರು ಮೂಲೆಯಲ್ಲಿ ಕೂತು ಕೆಂಪು ಅರೆಯುತ್ತಿದ್ದರು. ತಲೆಯೆತ್ತದೆ ಹೇಳಿದರು:

“ಇಲ್ಲಿ ಗುರು ಶಿಷ್ಯನ ಕೈಗೆ ಕುಂಚ ಕೊಡುವ ದಿನ, ಶಿಷ್ಯ ಆ ಗೋಡೆಯ ಮೇಲಿರುವ ಗುರುವಿನ ಚಿತ್ರಕ್ಕೆ ಸುಣ್ಣ ಹೊಡೀಬೇಕು. ಆಮೇಲೆ ಅದರ ಮೇಲೆ ತನ್ನದು ಬರೀಬೇಕು. ಅವಳ ಕೆಳಗೆ ನಾಲ್ಕು ಜನರ ಕೆಲಸ ಇದೆ.”

“ಅಯ್ಯೋ! ಹಾಗಾದರೆ ಅವೆಲ್ಲ ಹಾಳಾದವಲ್ಲ!”

ಅಯ್ಯನವರು ಕೆಂಪು ತುಂಬಿದ ಬಟ್ಟಲಿನ ಮೇಲೆ ಅಂಗೈ ಮುಚ್ಚಿದರು.

“ಕೆಂಪು ಹಾಳಾಯಿತೇ?”

ಮಾಲತೇಶ ಆ ಮುಚ್ಚಿದ ಬಟ್ಟಲನ್ನೇ ನೋಡಿದ.

ಅವನು ಅಲ್ಲೇ ಉಳಿದುಕೊಂಡ.

ಪ್ರತಿ ಅಮಾವಾಸ್ಯೆಯ ದಿನ ಅಲ್ಲಿ ಚಿತ್ರ ಬರೆಯುವಂತಿರಲಿಲ್ಲ. ಬೆಳಿಗ್ಗೆ ಮಿಂದು ಬಂದು, ಗೋಡೆಯ ಮುಂದೆ ಕೂತು, ಸುಣ್ಣದ ಕೆಳಗಿರುವವರ ಬದುಕನ್ನು ಹೇಳಬೇಕು. ಒಂದು ಮಾತು ಹೆಚ್ಚಾಗಬಾರದು, ಒಂದು ಕಡಿಮೆಯಾಗಬಾರದು.

ಅಯ್ಯನವರು ಹೇಳುವರು, ಮಾಲತೇಶ ಒಪ್ಪಿಸುವನು.

“ಮೊದಲನೆಯವರು ಓಬಯ್ಯ. ಹಳದಿಯ ಹುಚ್ಚು. ಹರಿತಾಳದ ಕಲ್ಲನ್ನು ಅರೆದು ಹಳದಿ ಮಾಡುತ್ತಿದ್ದರು. ಕುಂಚ ಚೂಪಾಗಲೆಂದು ನಾಲಗೆಯ ಮೇಲೆ ಎಳೆಯುತ್ತಿದ್ದರು. ಹರಿತಾಳ ವಿಷವೆಂದು ಗೊತ್ತಿತ್ತು. ಈ ಗೋಡೆಯ ಮೇಲೆ ಹುಚ್ಚೆಳ್ಳು ಹೂ ಬಿಟ್ಟ ಹೊಲ ಬರೆದರು. ಮುಗಿಯುವ ಹೊತ್ತಿಗೆ ಅಂಗೈಯೆಲ್ಲ ಗಂಟುಗಟ್ಟಿ ಬಿರಿದಿತ್ತು. ನಲವತ್ತು ತುಂಬಲಿಲ್ಲ.”

“ಎರಡನೆಯವರು ನಿಂಗವ್ವ. ಬರೆದವರು ಅವರು, ಶಾಲು ಹೊದ್ದವನು ಗಂಡ. ಗಂಡ ಸತ್ತಾಗ ಊರವರು, ಪಾಪ, ಇನ್ನು ಈ ಮನೆಯಲ್ಲಿ ಚಿತ್ರ ಬರೆಯುವವರೇ ಇಲ್ಲ ಅಂದರು. ಆಮೇಲೆ ಯಾರೂ ಕೆಲಸ ಕೊಡಲಿಲ್ಲ. ಈ ಗೋಡೆಯ ಮೇಲೆ ಒಂದು ಒಲೆ ಬರೆದರು. ಉರಿ ಬರೆಯಲಿಲ್ಲ.”

“ಮೂರನೆಯವರು ಕರಿಬಸಯ್ಯ. ಪಾಳೆಯಗಾರನ ಮುಖ ಬರೆಯಲು ಹೋದರು. ಅವನ ಮೆಳ್ಳೆಗಣ್ಣನ್ನು ಇದ್ದ ಹಾಗೇ ಬರೆದರು. ಪಾಳೆಯಗಾರ ಕೈ ಕಡಿಸಲಿಲ್ಲ, ಅವನು ಅಷ್ಟು ದಡ್ಡನಲ್ಲ. ಇವನಿಗೆ ಯಾರೂ ಬಣ್ಣ ಮಾರಕೂಡದು ಅಂದ. ಹನ್ನೊಂದು ವರ್ಷ ಬರೀ ಮಸಿ, ಬರೀ ಸುಣ್ಣ. ಈ ಗೋಡೆಯ ಮೇಲೆ ಕಾಮನಬಿಲ್ಲು ಬರೆದರು.”

“ನಾಲ್ಕನೆಯವರು ಮಲ್ಲಪ್ಪಯ್ಯ. ಹೆಸರು ಬೇಗ ಬಂತು, ಕಣ್ಣು ತಡವಾಗಿ ಬಂತು. ಅರವತ್ತರ ಮೇಲೆ, ತಮ್ಮ ಹಳೆಯ ಚಿತ್ರಗಳಿದ್ದ ಊರಿಗೆಲ್ಲ ಹೋಗಿ, ಬೇಡಿಕೊಂಡು, ತಾವೇ ಅವುಗಳಿಗೆ ಸುಣ್ಣ ಹೊಡೆದರು. ಏಣಿಯ ಮೇಲೆ ಸತ್ತರು. ಈ ಗೋಡೆಯ ಮೇಲೆ ಬರೆದದ್ದು ಒಂದೇ ಒಂದು ಗೀಟು.”

ಅಲ್ಲಿಗೆ ಅಯ್ಯನವರು ನಿಲ್ಲಿಸುವರು.

“ಐದನೆಯವರು?” ಎಂದು ಮಾಲತೇಶ ಕೇಳಿದ್ದುಂಟು.

“ಅವನಿನ್ನೂ ಊಟ ಮಾಡುತ್ತಿದ್ದಾನೆ. ಈರವ್ವನನ್ನು ಕೇಳು, ಎಷ್ಟು ರೊಟ್ಟಿ ಅಂತ.”

“ಎರಡು,” ಎಂದು ಒಳಗಿನಿಂದ ಈರವ್ವ ಕೂಗಿದಳು. “ಶಿಷ್ಯನದು ಆರು.”

ಒಂದು ಅಮಾವಾಸ್ಯೆ ಮಾಲತೇಶ ಕೇಳಿದ:

“ಅಯ್ಯನವರೇ, ಇವರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು?”

“ಅಡಿಯಲ್ಲಿರುವವರು.”

“ಅವರ ಚಿತ್ರ ಅಷ್ಟು ಚೆನ್ನಾಗಿತ್ತೇ?”

“ನಾನೇನು ನೋಡಿದ್ದೇನೆಯೇ?”

ಆ ಮಾತು ಮಾಲತೇಶನನ್ನು ಕೊರೆಯತೊಡಗಿತು. ನೋಡದೆ ಹೇಗೆ ಹೇಳುವುದು? ನೋಡದೆ ಹೇಗೆ ನಂಬುವುದು? ಹುಚ್ಚೆಳ್ಳಿನ ಹೊಲ ಅಲ್ಲಿ ಇದೆಯೆಂದು ಯಾರಿಗೆ ಗೊತ್ತು?

ಗೋಡೆಯ ಬುಡದ ಮೂಲೆಯಲ್ಲಿ, ಹುಡುಗಿಯ ಚಿತ್ರಕ್ಕಿಂತ ಬಹಳ ಕೆಳಗೆ, ಬೆರಳಗಲ ಚಕ್ಕೆ ಎದ್ದಿತ್ತು. ಒಂದು ಮಧ್ಯಾಹ್ನ ಅಯ್ಯನವರು ಊಟಕ್ಕೆ ಎದ್ದಾಗ ಅವನು ಅಲ್ಲಿ ಮೊಳೆಯಿಂದ ಕೆರೆದ. ಸುಣ್ಣ, ಅದರ ಕೆಳಗೆ ಮಸಿ, ಮತ್ತೆ ಸುಣ್ಣ. ಇನ್ನೂ ಕೆರೆದ. ಕೊನೆಗೆ ಒಂದು ಹನಿ ಹಳದಿ ಕಂಡಿತು. ನಿನ್ನೆ ಬರೆದಂತಿತ್ತು.

ಸಂತೋಷದಿಂದ ಅವನಿಗೆ ಮೈ ಜುಮ್ಮೆಂದಿತು. ತಿರುಗಿದರೆ ಅಯ್ಯನವರು ಕೈ ತೊಳೆದುಕೊಂಡು ಬಂದು ನಿಂತಿದ್ದರು.

“ಇದೆಯೇ?” ಎಂದು ಕೇಳಿದರು.

“ಇದೆ, ಅಯ್ಯನವರೇ.”

“ನೀನು ನೋಡದೆ ಇದ್ದಿದ್ದರೆ ಇರುತ್ತಿರಲಿಲ್ಲವೇ?”

ಅಯ್ಯನವರು ಒಂದು ಚಿಪ್ಪಿನಲ್ಲಿ ಸುಣ್ಣ ತಂದುಕೊಟ್ಟರು. ಆ ಸಣ್ಣ ತೂತನ್ನು ಅವನು ಬೆರಳಿನಿಂದಲೇ ತುಂಬಿದ. ಅವರು ಪಕ್ಕದಲ್ಲಿ ಕೂತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಅವನಿಗೆ ಎಷ್ಟೋ ವರ್ಷಗಳ ಮೇಲೆ ಅನ್ನಿಸಿತು.

ವರ್ಷಗಳು ಕಳೆದವು. ಮಾಲತೇಶನ ಕೈ ಪಳಗಿತು. ಸುತ್ತಲಿನ ಹಳ್ಳಿಗಳವರು ಗುಡಿಯ ಗೋಡೆಗೆ ಅವನನ್ನೇ ಕರೆಯತೊಡಗಿದರು.

ಅಯ್ಯನವರ ಕಣ್ಣಿಗೆ ಪೊರೆ ಬಂತು. ಮೊದಲು ದಾರ ಪೋಣಿಸಲು ಆಗಲಿಲ್ಲ, ಆಮೇಲೆ ಬಣ್ಣ ಗುರುತಿಸಲು ಆಗಲಿಲ್ಲ, ಕೊನೆಗೆ ಬಾಗಿಲು ಎಲ್ಲಿದೆಯೆಂದು ಬೆಳಕಿನಿಂದ ತಿಳಿಯುವಷ್ಟು ಉಳಿಯಿತು.

ಆದರೂ ಪ್ರತಿ ಬೆಳಿಗ್ಗೆ ಅವರು ಗೋಡೆ ಹಿಡಿದು ನಡೆದು ಬಂದು, ಹುಡುಗಿಯ ಮುಂದೆ ಕೂರುತ್ತಿದ್ದರು. ಒಂದು ಗಳಿಗೆ ಕೂತು ಎದ್ದು ಹೋಗುತ್ತಿದ್ದರು.

ಆ ಹುಡುಗಿ ಯಾರೆಂದು ಮಾಲತೇಶನಿಗೆ ಹೇಳಿದವಳು ಈರವ್ವ.

“ಅವರ ಮಗಳು, ದ್ಯಾಮವ್ವ. ಹೊಳೆಗೆ ಹೋದಳು. ಮೂರನೆಯ ದಿನ ಸಿಕ್ಕಿದಳು. ಆ ಮುಖವನ್ನು ಅವರು ಯಾರಿಗೂ ನೋಡಲು ಬಿಡಲಿಲ್ಲ. ಈ ಗೋಡೆ ಆಗ ಏಳು ವರ್ಷದಿಂದ ಖಾಲಿ ಬಿದ್ದಿತ್ತು. ಗುರುಗಳ ಚಿತ್ರಕ್ಕೆ ಸುಣ್ಣ ಹೊಡೆದಿದ್ದರು, ಮುಂದೆ ಏನು ಬರೆಯಬೇಕು ಅನ್ನೋದು ತೋಚಿರಲಿಲ್ಲ. ಮಣ್ಣು ಮಾಡಿ ಬಂದವರು ಕಾಲೂ ತೊಳೆಯದೆ ಇದ್ದಿಲು ಹಿಡಿದರು.”

“ಬೇರೆ ಚಿತ್ರ ಇಲ್ಲವೇ, ಅವಳದು?”

“ಎಲ್ಲಿಯದು? ಇದ್ದಾಗ ಯಾರಪ್ಪಾ ಬರೀತಾರೆ? ಇರ್ತಾರೆ ಅಂತ ತಾನೇ ಇರೋದು.”

ಅಂದಿನಿಂದ ಮಾಲತೇಶನೂ ಆ ಮುಖವನ್ನು ಬೇರೆ ರೀತಿಯಲ್ಲಿ ನೋಡತೊಡಗಿದ. ಲೋಕದಲ್ಲಿ ಅದು ಇದ್ದ ಜಾಗ ಅದೊಂದೇ. ರೆಪ್ಪೆಯ ಕೂದಲನ್ನು ಒಂದೊಂದಾಗಿ ಎಣಿಸಿದ. ಅಂಥ ರೆಪ್ಪೆ ತನ್ನ ಕೈಯಿಂದ ಎಂದೂ ಬರಲಾರದೆಂದು ಅವನಿಗೆ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಅಯ್ಯನವರು ಹೇಳಿದರು:

“ಸುಣ್ಣ ನೆನೆಹಾಕು, ತಮ್ಮಾ.”

ಯಾವ ಸುಣ್ಣವೆಂದು ಅವನು ಕೇಳಲಿಲ್ಲ. ಆ ಗೋಡೆಯ ಸುಣ್ಣ ನಲವತ್ತೆಂಟು ದಿನ ನೆನೆಯಬೇಕು. ಅಷ್ಟು ದಿನವೂ ಅವನು ಬೇಡಿಕೊಂಡ.

“ಇದೊಂದನ್ನು ಬಿಟ್ಟುಬಿಡೋಣ. ಪಕ್ಕದ ಗೋಡೆಯ ಮೇಲೆ ಬರೀತೀನಿ.”

“ಪಕ್ಕದ ಗೋಡೆ ಒರಗೋಕೆ.”

“ಅವಳ ಮುಖ ಇನ್ನೆಲ್ಲೂ ಇಲ್ಲ.”

“ಗೊತ್ತು.”

“ಹಾಗಾದರೆ ಮುಚ್ಚೋದು ಹೇಗೆ?”

“ದಪ್ಪಗೆ,” ಎಂದರು ಅಯ್ಯನವರು. “ಮೂರು ಸಲ ಬಳೀಬೇಕು. ಮೊಸರಿನಷ್ಟು ಗಟ್ಟಿ ಇರಲಿ. ಕೆಳಗಿರೋದಕ್ಕೆ ಎಷ್ಟು ಮರ್ಯಾದೆಯೋ ಸುಣ್ಣ ಅಷ್ಟು ದಪ್ಪ.”

ಮಾಲತೇಶನ ಕಣ್ಣಲ್ಲಿ ನೀರು ಬಂತು.

“ನಿಮಗೆ ಬೇಸರ ಆಗೋದಿಲ್ಲವೇ, ಅಯ್ಯನವರೇ? ದಿನಾ ಬಂದು ಕೂತ್ಕೋತೀರಿ.”

“ನನಗೆ ಅವಳು ಕಾಣದೆ ಎರಡು ವರ್ಷ ಆಯಿತು, ತಮ್ಮಾ. ಇದ್ದಾಳೆ ಅಂತ ಕೂತ್ಕೋತೀನಿ. ಸುಣ್ಣ ಬಳಿದ ಮೇಲೂ ಇರ್ತಾಳೆ. ಇಪ್ಪತ್ತು ವರ್ಷ ಆಯಿತು ಅವಳು ಕಣ್ಣು ಬಿಟ್ಟುಕೊಂಡು ನಿಂತು. ಸ್ವಲ್ಪ ಮಲಗಲಿ.”

ಈ ಮಾತಿಗೆ ಮಾಲತೇಶ ತಲೆಯಾಡಿಸಿದ. ಆದರೆ ಅವನ ಮನಸ್ಸು ತಲೆಯಾಡಿಸಲಿಲ್ಲ. ಸುಣ್ಣದ ಸುಡುವ ಗುಣ ಅವನಿಗೆ ಗೊತ್ತು. ಆ ರೆಪ್ಪೆಯ ಮೇಲೆ, ಒದ್ದೆ ಜಡೆಯ ಮೇಲೆ ಅದು ಹರಿಯುವುದನ್ನು ನೆನೆದು ಅವನು ರಾತ್ರಿ ಎದ್ದು ಹೋಗಿ ಗೋಡೆಯ ಮುಂದೆ ನಿಲ್ಲುತ್ತಿದ್ದ.

ಕೊನೆಗೆ ಅವನಿಗೊಂದು ಉಪಾಯ ತೋಚಿತು.

ಚಿತ್ರದ ಮೇಲೆ ತೆಳ್ಳನೆಯ ಬಟ್ಟೆ ಅಂಟಿಸುವುದು. ಸುಣ್ಣವನ್ನು ಆ ಬಟ್ಟೆಯ ಮೇಲೆ ಬಳಿಯುವುದು. ಚಿತ್ರಕ್ಕೆ ಸುಣ್ಣದ ಒಂದು ತೊಟ್ಟೂ ತಾಕಬಾರದು. ಮುಂದೆ ಎಂದಾದರೂ ಬೇಕೆಂದಾಗ ಬಟ್ಟೆಯನ್ನು ಎಳೆದರಾಯಿತು, ಕೆಳಗೆ ದ್ಯಾಮವ್ವ ಇದ್ದ ಹಾಗೇ ಇರುತ್ತಾಳೆ.

ಅವನು ಅಡುಗೆಮನೆಗೆ ಹೋದ.

“ಈರವ್ವಾ, ಹುಣಸೆಬೀಜ ಬೇಕಿತ್ತು. ಒಂದು ಮೊರದಷ್ಟು. ಅಂಟು ಕುದಿಸಬೇಕು.”

“ಒಂದು ಮೊರ! ಏನು, ಹೊಳೆಯ ಆ ದಂಡೆಗೆ ಈ ದಂಡೆ ಅಂಟಿಸ್ತೀಯಾ?”

“ಬಣ್ಣಕ್ಕೆ, ಅಮ್ಮಾ. ಹಾಗೇ ಅಯ್ಯನವರದು ಒಂದು ಹಳೆಯ ಧೋತರ ಇದ್ದರೆ ಕೊಡು. ಬಣ್ಣ ಸೋಸೋಕೆ.”

ಈರವ್ವ ಬೀಜ ಕೊಟ್ಟಳು, ಧೋತರವನ್ನೂ ಕೊಟ್ಟಳು. ಕೊಡುವಾಗ ಅವನ ಮುಖ ನೋಡಿದಳು.

“ನಿನ್ನ ಮುಖದಲ್ಲಿ ಏನೋ ಕದ್ದ ಹಾಗಿದೆ.”

“ಕದ್ದಿಲ್ಲ. ಉಳಿಸ್ತಿದ್ದೀನಿ.”

“ಹಾಗಂತ ಹೇಳೋರ ಮೇಲೇ ನನಗೆ ನಂಬಿಕೆಯಿಲ್ಲ,” ಎಂದು ಅವಳು ಒಲೆಯ ಕಡೆ ತಿರುಗಿದಳು.

ಸುಣ್ಣ ಹೊಡೆಯುವ ದಿನ ಬಂತು. ಆ ದಿನ ಗುರು ಚಿತ್ರಶಾಲೆಯಲ್ಲಿ ಇರಬಾರದು. ಹೊಳೆ ದಾಟಿ ಆಚೆಯ ದಂಡೆಯಲ್ಲಿ ಕೂತಿದ್ದು, ಹೊತ್ತು ಇಳಿದ ಮೇಲೆ ಮರಳಬೇಕು. ಹೋಗುವ ಮೊದಲು ಶಿಷ್ಯನಿಂದ ಎಲ್ಲರ ಬದುಕನ್ನೂ ಕೇಳಬೇಕು, ತನ್ನದನ್ನೂ ಸೇರಿಸಿ.

ಮಾಲತೇಶ ನಾಲ್ವರದನ್ನು ಒಪ್ಪಿಸಿದ. ಒಂದು ಮಾತೂ ತಪ್ಪಲಿಲ್ಲ.

“ಐದನೆಯದು ಹೇಳ್ತೀನಿ, ಕೇಳಿಸಿಕೋ,” ಎಂದರು ಅಯ್ಯನವರು. ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದರು.

“ಐದನೆಯವನು ಹಾಲಪ್ಪಯ್ಯ. ಕಣ್ಣಿನ ರೆಪ್ಪೆಯನ್ನು ಚೆನ್ನಾಗಿ ಬರೆಯುತ್ತಿದ್ದ. ಒಂದು ದಿನ ಅಂಥದೊಂದು ರೆಪ್ಪೆ ಬರೆಯುವಾಗ ಮಗಳು ಹೊರಗಿನಿಂದ ಅಪ್ಪಾ ಎಂದು ಕರೆದಳು. ಇರು ಅಂದ. ಎರಡನೆಯ ಸಲ ಕರೆದಳು. ಇರು ಅಂದ. ರೆಪ್ಪೆ ಚೆನ್ನಾಗಿ ಬಂತು. ಮೂರನೆಯ ಸಲ ಕರೆಯಲಿಲ್ಲ. ಈ ಗೋಡೆಯ ಮೇಲೆ, ಅಪ್ಪ ಕರೆದದ್ದಕ್ಕೆ ಮಗಳು ತಿರುಗಿ ನೋಡಿದಂತೆ ಬರೆದ.”

ಮಾಲತೇಶ ತಿರುಗಿ ಗೋಡೆಯ ಮೇಲಿನ ರೆಪ್ಪೆಯನ್ನು ನೋಡಿದ.

“ಒಪ್ಪಿಸು,” ಎಂದರು ಅಯ್ಯನವರು.

ಅವನು ಒಪ್ಪಿಸಿದ. ‘ಎರಡನೆಯ ಸಲ’ ಎಂಬಲ್ಲಿ ತಡವರಿಸಿದ. ಅವರು ಮತ್ತೆ ಮೊದಲಿನಿಂದ ಹೇಳಿಸಿದರು.

ಆಮೇಲೆ ಸೊಂಟದಿಂದ ಕುಂಚ ತೆಗೆದು ಅವನ ಕೈಯಲ್ಲಿಟ್ಟರು. ಈರವ್ವನ ಹೆಗಲು ಹಿಡಿದು ಹರಿಗೋಲು ಹತ್ತಿದರು. ಹರಿಗೋಲು ತಿರುಗುತ್ತಾ ತಿರುಗುತ್ತಾ ಆಚೆಯ ದಂಡೆಗೆ ಹೋಯಿತು.

ಮಾಲತೇಶ ಬಾಗಿಲು ಹಾಕಿಕೊಂಡ.

ಈಗಂತೂ ಅವನ ಸಂಕಲ್ಪ ಕಲ್ಲಾಗಿತ್ತು. ಇಂಥ ಮುಖಕ್ಕೆ ಸುಣ್ಣ ಬಳಿಯುವ ಕೈ ತನ್ನದಾಗಬಾರದು. ಅವನು ಧೋತರವನ್ನು ಅಂಟಿನಲ್ಲಿ ಅದ್ದಿ ಹಿಂಡಿದ. ಚಿತ್ರದ ಮೇಲೆ ಮೆಲ್ಲಗೆ ಹಾಸಿ, ಅಂಗೈಯಿಂದ ಗಾಳಿ ಹೊರಹಾಕುತ್ತಾ ಒತ್ತಿದ. ಹಣೆ, ಮೂಗು, ಗಲ್ಲ. ಮಗುವಿಗೆ ಹೊದಿಸುವಷ್ಟು ಜೋಪಾನವಾಗಿ. ಒದ್ದೆ ಬಟ್ಟೆಯ ಹಿಂದಿನಿಂದ ಅವಳು ಒಂದು ಗಳಿಗೆ ಮಸುಕಾಗಿ ನೋಡಿದಳು. ಅವನು ಸುಣ್ಣ ಬಳಿದ. ಮೂರು ಸಲ ಬಳಿದ. ಮೊಸರಿನಷ್ಟು ಗಟ್ಟಿಯಾಗಿ.

ಹೊತ್ತು ಇಳಿದ ಮೇಲೆ ಅಯ್ಯನವರು ಬಂದರು. ಸುಣ್ಣದ ವಾಸನೆಯ ಕಡೆಗೆ ನಡೆದು, ಅದೇ ಜಾಗದಲ್ಲಿ ಕೂತರು.

“ದಪ್ಪಗಿದೆಯೇ?”

“ದಪ್ಪಗಿದೆ, ಅಯ್ಯನವರೇ.”

“ಒಳ್ಳೆಯದು,” ಎಂದರು. ಅವರ ಮುಖದಲ್ಲಿ ಅಷ್ಟು ಸಮಾಧಾನವನ್ನು ಮಾಲತೇಶ ಎಂದೂ ಕಂಡಿರಲಿಲ್ಲ. ಅದಕ್ಕೆ ತಾನೇ ಕಾರಣವೆಂದು ಹೆಮ್ಮೆಪಟ್ಟ.

ಮರುದಿನ ಬೆಳಿಗ್ಗೆಯೂ ಅವರು ಬಂದು ಕೂತರು. ಅದರ ಮರುದಿನವೂ. ಬಿಳಿ ಗೋಡೆಯ ಮುಂದೆ, ಕಾಣದ ಕಣ್ಣುಗಳನ್ನು ಅರ್ಧ ಮುಚ್ಚಿ, ಒಂದು ಗಳಿಗೆ.

“ಮಲಗಿದ್ದಾಳೆ,” ಎಂದು ಒಂದು ಸಲ ಈರವ್ವನಿಗೆ ಹೇಳಿದರು. ಮೆಲ್ಲಗೆ ಹೇಳಿದರು, ಎಚ್ಚರವಾದೀತೆಂಬಂತೆ.

ಮಾಲತೇಶ ಗೋಡೆಯ ಮೇಲೆ ತನ್ನ ಚಿತ್ರ ಶುರುಮಾಡಿದ. ಬೇರೇನೂ ತೋಚದೆ ಹೊಳೆಯ ಮೆಟ್ಟಿಲುಗಳನ್ನೇ ಬರೆದ. ಬರೀ ಮೆಟ್ಟಿಲು. ಯಾರೂ ಇಲ್ಲ. ಕೆಳಗೆ ಯಾರಿದ್ದಾರೆಂದು ಅವನಿಗೆ ಗೊತ್ತಿದ್ದುದರಿಂದ, ಮೇಲೆ ಯಾರೂ ಬೇಕೆನಿಸಲಿಲ್ಲ.

ಬೇಸಿಗೆ ಕಳೆಯಿತು. ಮಳೆಗಾಲದ ಥಂಡಿ ಗಾಳಿ ಶುರುವಾಯಿತು.

ಶ್ರಾವಣದಲ್ಲಿ ಮೂರನೆಯ ಮೆಟ್ಟಿಲು ಉಬ್ಬಿತು. ಮೊದಲು ಅಂಗೈಯಷ್ಟು, ವಾರ ಕಳೆದ ಮೇಲೆ ತಟ್ಟೆಯಷ್ಟು. ಮಾಲತೇಶ ಅದನ್ನು ಒತ್ತಿ ನೋಡಿದ. ಒತ್ತಿದರೆ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ಅಯ್ಯನವರು ಎದ್ದು ಹೋಗುವಾಗ ಆಸರೆಗೆಂದು ಗೋಡೆ ಮುಟ್ಟಿದರು. ಕೈ ಅಲ್ಲಿಯೇ ನಿಂತಿತು. ಬೆರಳ ಗೆಣ್ಣಿನಿಂದ ತಟ್ಟಿದರು. ಪಕ್ಕದಲ್ಲಿ ತಟ್ಟಿದರು. ಮತ್ತೆ ಅಲ್ಲಿ ತಟ್ಟಿದರು.

“ಮಾಲತೇಶ, ಇದು ಟೊಳ್ಳು ದನಿ ಕೊಡುತ್ತಿದೆ. ಸುಣ್ಣ ಗೋಡೆಯನ್ನು ಹಿಡಿದಿಲ್ಲ. ನಡುವೆ ಏನಿದೆ?”

ಮಾಲತೇಶ ಹೆದರಬೇಕಾಗಿತ್ತು. ಹೆದರಲಿಲ್ಲ. ಹೇಳುವ ಕಾಲ ಬಂತೆಂದು ಅವನಿಗೆ ಹಗುರವೇ ಆಯಿತು.

“ಬಟ್ಟೆ ಇದೆ, ಅಯ್ಯನವರೇ. ನಿಮ್ಮ ಧೋತರ. ಹುಣಸೆಬೀಜದ ಅಂಟು ಹಾಕಿ ಚಿತ್ರದ ಮೇಲೆ ಹಚ್ಚಿದ್ದೀನಿ. ಸುಣ್ಣ ಅದರ ಮೇಲಿದೆ. ಅವಳಿಗೆ ಒಂದು ತೊಟ್ಟೂ ತಾಕಿಲ್ಲ.”

ಅಯ್ಯನವರ ಬೆರಳು ಉಬ್ಬಿನ ಸುತ್ತ ಹರಿದಾಡಿತು.

“ನೀವು ಹೂಂ ಅಂದರೆ ಈಗಲೇ ತೆಗೀತೀನಿ. ಅವಳು ಹಾಗೇ ಇದ್ದಾಳೆ. ನನ್ನ ಮಾತು ನಂಬಿ.”

“ಅಂಟು ಒಣಗಿದೆಯೇ?” ಎಂದು ಅಯ್ಯನವರು ಕೇಳಿದರು. ಅವರ ದನಿ ಬಹಳ ಸಣ್ಣದಾಗಿತ್ತು.

“ಒಣಗಿ ಎಷ್ಟೋ ತಿಂಗಳಾಯಿತು.”

ಅವರು ಗೋಡೆಯಿಂದ ಕೈ ತೆಗೆದರು. ಬೇಡವೆನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಮಾಲತೇಶ ಉಬ್ಬಿನ ಅಂಚಿಗೆ ಉಗುರು ಹಾಕಿ, ಬಟ್ಟೆಯ ಮೂಲೆ ಹಿಡಿದು ಎಳೆದಿದ್ದ.

ಒಣಗಿದ ಎಲೆಯನ್ನು ಸೀಳಿದಂಥ ಸದ್ದಾಯಿತು. ಸುಣ್ಣ ಹೆಂಟೆ ಹೆಂಟೆಯಾಗಿ ಉದುರಿತು. ಧೋತರ ಅವನ ಕೈಗೆ ಬಂತು.

ಗೋಡೆಯ ಮೇಲೆ ದ್ಯಾಮವ್ವ ಇರಲಿಲ್ಲ.

ಅವಳಿದ್ದ ಜಾಗದಲ್ಲಿ, ಹಿಂದೆ ಅಯ್ಯನವರೇ ತಮ್ಮ ಗುರುವಿನ ಗೀಟಿನ ಮೇಲೆ ಬಳಿದಿದ್ದ ಹಳೆಯ ಸುಣ್ಣ, ನುಣ್ಣಗೆ, ಬೆಳ್ಳಗೆ ಇತ್ತು.

ಮಾಲತೇಶ ಕೈಯಲ್ಲಿದ್ದ ಬಟ್ಟೆಯನ್ನು ತಿರುಗಿಸಿ ನೋಡಿದ. ಒಣಗುತ್ತಾ ಒಣಗುತ್ತಾ ಬಿಗಿದುಕೊಂಡ ಅಂಟು ಬಣ್ಣವನ್ನೆಲ್ಲ ಗೋಡೆಯಿಂದ ಎಬ್ಬಿಸಿ ತನ್ನ ಕಡೆ ಎಳೆದುಕೊಂಡಿತ್ತು. ಅವಳು ಬಟ್ಟೆಗೆ ಮುಖ ಮಾಡಿದ್ದಳು. ಅವನಿಗೆ ಕಂಡದ್ದು ಅವಳ ಹಿಂಬದಿ. ಇಪ್ಪತ್ತು ವರ್ಷದ ಹಿಂದೆ, ಮಣ್ಣು ಮಾಡಿ ಬಂದು, ಕಾಲೂ ತೊಳೆಯದೆ ಎಳೆದ ಇದ್ದಿಲಿನ ಮೊದಲ ಗೀಟುಗಳು. ನಡುಗುವ ಗೀಟುಗಳು.

ಬಟ್ಟೆ ಅವನ ಕೈಯಲ್ಲಿ ಬಾಗಿತು. ಬಾಗಿದಲ್ಲೆಲ್ಲ ಬಣ್ಣ ಬಿರಿಯಿತು. ಚಕ್ಕೆ ಚಕ್ಕೆಯಾಗಿ ನೆಲಕ್ಕೆ ಸುರಿಯಿತು. ಅವನು ಹಿಡಿಯಲು ಹೋದ. ಹಿಡಿದಷ್ಟೂ ಪುಡಿಯಾಯಿತು.

“ರೆಪ್ಪೆ?” ಎಂದು ಅಯ್ಯನವರು ಕೇಳಿದರು.

“ನೆಲದ ಮೇಲೆ, ಅಯ್ಯನವರೇ.”

ಅವರು ಕೂತರು. ನಿಧಾನವಾಗಿ, ಕೈಯೂರಿ.

ಬಾಗಿಲಲ್ಲಿ ಈರವ್ವ ನಿಂತಿದ್ದಳು. ಅವಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

“ಯಾಕೆ ಮಾಡಿದೆ?” ಎಂದರು ಅಯ್ಯನವರು.

“ನಿಮಗೋಸ್ಕರ.”

“ನಾನು ಕುರುಡ, ತಮ್ಮಾ.”

ಮಾಲತೇಶ ನೆಲಕ್ಕೆ ಬಿದ್ದು ಅವರ ಕಾಲು ಹಿಡಿದ. ಅವರು ಕಾಲು ಎಳೆದುಕೊಳ್ಳಲಿಲ್ಲ. ಅವನ ತಲೆಯ ಮೇಲೆ ಕೈಯನ್ನೂ ಇಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ಗೋಡೆಯ ಮುಂದೆ ಬಂದು ಕೂರಲಿಲ್ಲ. ಹೊರಗಿನ ಕಟ್ಟೆಯ ಮೇಲೆ, ಹೊಳೆಯ ಸದ್ದಿಗೆ ಬೆನ್ನು ಮಾಡಿ ಕೂತರು. ಅದರ ಮರುದಿನವೂ ಅಲ್ಲಿಯೇ ಕೂತರು.

“ಅಯ್ಯನವರು ಒಳಗೆ ಬರೋದಿಲ್ಲವೇ?” ಎಂದು ಮಾಲತೇಶ ಈರವ್ವನನ್ನು ಕೇಳಿದ.

“ಯಾರಿದ್ದಾರೆ ಅಂತ ಬರಬೇಕು?” ಎಂದಳು ಅವಳು. ಆ ಮಾತಿನಲ್ಲಿ ಗದರಿಕೆ ಇರಲಿಲ್ಲ. ರೊಟ್ಟಿ ಅವನ ತಟ್ಟೆಗೆ ಹಾಕಿದಳು. ಒಂದು ಹಾಕಿದಳು. ಅವನಿಗೆ ಅದೂ ಸೇರಲಿಲ್ಲ.

ನೆಲದ ಮೇಲಿದ್ದ ಪುಡಿಯನ್ನು ಅವಳೇ ಗುಡಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಹೊಳೆಗೆ ಹೋಗಿ ಬಂದಳು. ಅಯ್ಯನವರು ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ.

ಒಂಬತ್ತನೆಯ ದಿನ ಅಮಾವಾಸ್ಯೆ.

ಮಾಲತೇಶ ಮಿಂದು ಬಂದು ಕಟ್ಟೆಯ ಕೆಳಗೆ ನಿಂತ. ಕುಂಚವನ್ನು ಅವರ ಪಕ್ಕದಲ್ಲಿ ಇಟ್ಟ.

“ನಾನು ಹೋಗ್ತೀನಿ, ಅಯ್ಯನವರೇ. ಇದಕ್ಕೆ ನಾನು ಯೋಗ್ಯನಲ್ಲ.”

“ಹೌದು, ಅಲ್ಲ,” ಎಂದರು ಅಯ್ಯನವರು. “ಆದರೆ ಆ ಐದು ಜನರ ಬದುಕು ನಿನ್ನೊಬ್ಬನ ಬಾಯಲ್ಲಿದೆ. ಅದನ್ನು ಇಟ್ಟು ಹೋಗು. ಎಲ್ಲಿ ಇಡ್ತೀಯ?”

ಅವನು ಸುತ್ತ ನೋಡಿದ. ಇಡಲು ಎಲ್ಲಿಯೂ ಜಾಗವಿರಲಿಲ್ಲ.

“ನಾನು ಇನ್ನೇನು ಮಾಡಲಿ?”

“ಉಳಿದಿರೋ ನಿನ್ನ ಮೆಟ್ಟಿಲು ಕೆರೆದು ತೆಗೆ. ಗೋಡೆ ತೊಳೆ. ಮತ್ತೆ ಸುಣ್ಣ ಬಳಿ.”

ಅವನು ಕೆರೆದ. ತೊಳೆದ. ಹಿಂದಿನ ಸಲ ಉಳಿದಿದ್ದ ಸುಣ್ಣ ಮಡಕೆಯಲ್ಲಿ ನೀರಿನ ಕೆಳಗೆ ಇನ್ನೂ ಇತ್ತು. ಅದನ್ನು ತಂದು ಗೋಡೆಯ ಮುಂದೆ ಇಟ್ಟ.

ಅಯ್ಯನವರು ಈರವ್ವನ ಹೆಗಲು ಹಿಡಿದು ಒಳಗೆ ಬಂದರು. ಬಾಗಿಲಿನ ಹತ್ತಿರವೇ ನಿಂತರು. ಈ ಸಲ ಅವರು ಹೊಳೆ ದಾಟಲಿಲ್ಲ.

“ಒಪ್ಪಿಸು.”

ಮಾಲತೇಶ ಶುರುಮಾಡಿದ. ಓಬಯ್ಯನವರ ಬಿರಿದ ಅಂಗೈ. ನಿಂಗವ್ವನವರ ಉರಿಯಿಲ್ಲದ ಒಲೆ. ಕರಿಬಸಯ್ಯನವರ ಕಪ್ಪು ಕಾಮನಬಿಲ್ಲು. ಮಲ್ಲಪ್ಪಯ್ಯನವರ ಏಣಿ. ಒಂದು ಮಾತೂ ತಪ್ಪಲಿಲ್ಲ.

“ಐದನೆಯವರು ಹಾಲಪ್ಪಯ್ಯ. ಕಣ್ಣಿನ ರೆಪ್ಪೆಯನ್ನು ಚೆನ್ನಾಗಿ ಬರೆಯುತ್ತಿದ್ದರು. ಒಂದು ದಿನ ಅಂಥದೊಂದು ರೆಪ್ಪೆ ಬರೆಯುವಾಗ ಮಗಳು ಹೊರಗಿನಿಂದ ಅಪ್ಪಾ ಎಂದು ಕರೆದಳು. ಇರು ಅಂದರು. ಎರಡನೆಯ ಸಲ ಕರೆದಳು. ಇರು ಅಂದರು. ರೆಪ್ಪೆ ಚೆನ್ನಾಗಿ ಬಂತು. ಮೂರನೆಯ ಸಲ ಕರೆಯಲಿಲ್ಲ. ಈ ಗೋಡೆಯ ಮೇಲೆ, ಅಪ್ಪ ಕರೆದದ್ದಕ್ಕೆ ಮಗಳು ತಿರುಗಿ ನೋಡಿದಂತೆ...”

ಅವನ ಮಾತು ಅಲ್ಲಿಗೆ ನಿಂತಿತು. ‘ಬರೆದರು’ ಎನ್ನಬೇಕಾಗಿತ್ತು. ಎನ್ನಲು ಆಗಲಿಲ್ಲ.

ಅಯ್ಯನವರು ಕಾದರು. ಹೊರಗೆ ಹೊಳೆ ತುಂಬಿ ಹರಿಯುತ್ತಿತ್ತು.

ಕೊನೆಗೆ ಮಾಲತೇಶ ಕಣ್ಣೊರೆಸಿಕೊಂಡು, ಮಡಕೆಗೆ ಕೈ ಹಾಕಿ, ಸುಣ್ಣವನ್ನು ಮೊಸರಿನಷ್ಟು ಗಟ್ಟಿಯಾಗಿ ಕಲಸತೊಡಗಿದ.

ಕಲಸುವ ಸದ್ದನ್ನು ಅಯ್ಯನವರು ಸ್ವಲ್ಪ ಹೊತ್ತು ಆಲಿಸಿದರು.

“ನೀರು ಹಾಕು, ತಮ್ಮಾ,” ಎಂದರು. “ತೆಳ್ಳಗಿದ್ದರೆ ಸಾಕು. ಅಲ್ಲಿ ಮುಚ್ಚುವಂಥದ್ದು ಏನೂ ಇಲ್ಲ.”